ಸುಬೇದಾರ್ ಉತ್ತಯ್ಯನವರ ‘ಇಳಿಜಾರು’

ಸುಬೇದಾರ್ ಮೇಜರ್ ಉತ್ತಯ್ಯನವರು ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದರು. ಅಷ್ಟೂ ಕಾಲ ಅವರ ಕೈಯಲ್ಲಿದ್ದದ್ದು ಕೋಲು. ಮೊದಮೊದಲು ಡ್ರಮ್ಮಿನ ಕೋಲು, ಬ್ಯಾಂಡ್‌ಮಾಸ್ಟರ್ ಆದ ಮೇಲೆ ವಾದ್ಯದವರಿಗೆ ತಾಳ ತೋರಿಸುವ ಸಣ್ಣ ಬಿಳಿ ಕೋಲು. ಭಾಗಮಂಡಲದ ಹತ್ತಿರದ ಅವರ ಕುಟುಂಬದ ದೊಡ್ಡಮನೆಯ ಜಗಲಿಯಲ್ಲಿ ಸೈನ್ಯಕ್ಕೆ ಹೋದವರ ಫೋಟೊಗಳನ್ನು ಸಾಲಾಗಿ ತೂಗುಹಾಕಿದ್ದರು. ಮೊದಲು ಅಣ್ಣ ಕರ್ನಲ್ ಬೆಳ್ಯಪ್ಪ, ಆಮೇಲೆ ಟ್ಯಾಂಕಿನವರು, ಫಿರಂಗಿಯವರು, ಲಾರಿ ಓಡಿಸಿದವರು, ಕೊನೆಗೆ ಉಗ್ರಾಣ ನೋಡಿಕೊಂಡವರು. ಉತ್ತಯ್ಯನವರ ಫೋಟೊ ಉಗ್ರಾಣದವರಿಂದಲೂ ಆಚೆ, ಕೊಡೆ ಸಿಕ್ಕಿಸುವ ಮೊಳೆಯ ಕೆಳಗಿತ್ತು. ಮಳೆಗಾಲದಲ್ಲಿ ಅದು ಕಾಣುತ್ತಿರಲಿಲ್ಲ.

ಯುದ್ಧ ಬಂದರೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹಿಡಿಯಬೇಕು, ಅದು ಸೈನ್ಯದ ಪದ್ಧತಿ. ಕಾರ್ಗಿಲ್‌ನಲ್ಲಿ ಉತ್ತಯ್ಯ ಹಿಡಿದಿದ್ದರು. ಯಾವ ಯುದ್ಧ ಮಾಡಿದಿರಿ ಎಂದು ಕೇಳಿದವರಿಗೆ ಒಂದೆರಡು ಸಲ ಹೇಳಿಯೂ ಇದ್ದರು. ಒಮ್ಮೆ ಮದುವೆಮನೆಯಲ್ಲಿ ಅಣ್ಣ ಬೆಳ್ಯಪ್ಪ ಅದನ್ನು ಕೇಳಿಸಿಕೊಂಡು, “ಹೌದೌದು, ಹೊರುವವರೂ ಬೇಕು” ಎಂದರು. ಅಣ್ಣ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಂದಿನಿಂದ ಉತ್ತಯ್ಯ ಆ ಮಾತು ತೆಗೆಯಲಿಲ್ಲ.

ಸಂಗೀತ ಅವರ ತಲೆಗೆ ಹತ್ತಿದ್ದು ಆಮೇಲೆ. ಸೈನ್ಯದವರು ಅವರನ್ನು ಬ್ಯಾಂಡ್ ವಿದ್ಯೆಯ ಮೇಲ್ತರಗತಿಗೆ ಲಂಡನ್ನಿಗೆ ಕಳಿಸಿದ್ದರು. ಅಲ್ಲಿ ಒಂದು ಸಂಜೆ ಯಾರೋ ಬೇಡವೆಂದು ಬಿಟ್ಟುಕೊಟ್ಟ ಟಿಕೆಟ್ಟಿನಲ್ಲಿ ಒಂದು ಕಛೇರಿಗೆ ಹೋದರು. ಹೊಸ ಕಾಲದ ಪಾಶ್ಚಾತ್ಯ ಸಂಗೀತ. ಹಾಡಿಕೊಳ್ಳಲು ಬರುವಂಥ ಒಂದು ಸಾಲೂ ಅದರಲ್ಲಿರಲಿಲ್ಲ, ತಾಳ ಒಂದು ಕಡೆ ನಿಲ್ಲಲಿಲ್ಲ, ವಯಲಿನ್‌ಗಳು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿದವು. ನಡುವೆ ಇದ್ದಕ್ಕಿದ್ದಂತೆ ಅಷ್ಟೂ ವಾದ್ಯಗಳು ಸುಮ್ಮನಾದವು. ಆ ಮೌನದಲ್ಲಿ ಉತ್ತಯ್ಯನವರಿಗೆ ನಾಲ್ಕು ಜೊತೆ ಬೂಟುಗಳು ಕಲ್ಲಿನ ಮೇಲೆ ಇಳಿದು ಬರುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅಕ್ಕಪಕ್ಕದವರ ಕಾಲು ನೋಡಿದರು. ಯಾರೂ ಅಲುಗಾಡಿರಲಿಲ್ಲ.

ವಾಪಸ್ ಬಂದವರು ರೆಜಿಮೆಂಟಿಗೆ ಹೆಜ್ಜೆ ಹಾಕಲು ನುಡಿಸುವ ಹೊಸ ಮಾರ್ಚ್ ಬರೆದರು. ಇಳಿಜಾರಿನಲ್ಲಿ ಸ್ಟ್ರೆಚರ್ ಹೊತ್ತ ನಾಲ್ವರ ಹೆಜ್ಜೆ ಎಂದಿಗೂ ಜೋಡಿಜೋಡಿಯಾಗಿ ಬೀಳುವುದಿಲ್ಲ. ಅವರ ಕಿವಿಯಲ್ಲಿದ್ದದ್ದು ಆ ನಡೆ. ಹಾಗಾಗಿ ಮಾರ್ಚ್ ಏಳರ ತಾಳದಲ್ಲಿ ಬಂತು. ಪರೇಡ್ ಮೈದಾನದಲ್ಲಿ ಮೊದಲ ಕಂಪನಿಯೇ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ತಿಳಿಯದೆ ಗುಂಪಾಗಿ ನಿಂತುಬಿಟ್ಟಿತು. ಕಮಾಂಡಿಂಗ್ ಆಫೀಸರ್ ಉತ್ತಯ್ಯನವರನ್ನು ಕರೆಸಿ ಕುರ್ಚಿ ಕೊಟ್ಟು ಕೂರಿಸಿದರು.

“ಉತ್ತಯ್ಯ ಸಾಬ್, ಸಿಪಾಯಿಗೆ ಕಾಲು ಎರಡೇ. ಅದನ್ನು ಹೆಚ್ಚು ಮಾಡೋ ಅಧಿಕಾರ ನನಗಿಲ್ಲ.”

ಉತ್ತಯ್ಯ ಸೆಲ್ಯೂಟ್ ಹೊಡೆದು ಬಂದರು. ಮಾರ್ಚನ್ನು ಟ್ರಂಕಿನಲ್ಲಿಟ್ಟರು.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಟ್ರಂಕ್ ತೆರೆದರು. ಹೆಂಡತಿ ತಂಗಮ್ಮ ಕಾಫಿ, ಕರಿಮೆಣಸು, ಆಳುಕಾಳು ಎಲ್ಲವನ್ನೂ ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡಿದ್ದರು. ಗಂಡ ಬಂದರೆ ಸಹಾಯವಾಗುತ್ತದೆಂದು ಅವರು ಎಣಿಸಿರಲೂ ಇಲ್ಲ, ಆಗಲೂ ಇಲ್ಲ. ಉತ್ತಯ್ಯ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬರೆಯುತ್ತಿದ್ದರು. ಊಟದ ಹೊತ್ತಿಗೆ ಹಾಳೆಗಳನ್ನು ಒಂದು ಬದಿಗೆ ಸರಿಸಿ ತಟ್ಟೆ ಇಡುವುದು ತಂಗಮ್ಮನವರಿಗೆ ರೂಢಿಯಾಯಿತು.

“ಇದರಲ್ಲಿ ಹಾಡು ಎಲ್ಲಿ ಉಟ್ಟು?” ಎಂದು ಒಂದು ದಿನ ತಮ್ಮ ಅರೆಭಾಷೆಯಲ್ಲಿ ಕೇಳಿದರು.

“ಹಾಡು ಇಲ್ಲೆ.”

“ಮತ್ತೆ ಎಂತ ಉಟ್ಟು?”

ಉತ್ತಯ್ಯ ಯೋಚಿಸಿದರು. “ನಡಿಗೆ ಉಟ್ಟು” ಎಂದರು.

ತಂಗಮ್ಮ ಸಾರು ಬಡಿಸಿದರು.

ಹೀಗೆ ಬರೆದದ್ದನ್ನು ಅವರು ಅಲ್ಲಿ ಇಲ್ಲಿ ಕಳಿಸುತ್ತಿದ್ದರು. ಜರ್ಮನಿಯ ಒಂದು ಸಣ್ಣ ಊರಿನ ವಾದ್ಯವೃಂದ ಒಂದನ್ನು ನುಡಿಸಿತು. ಅದನ್ನು ಕೇಳಿ ಚೆನ್ನೈಯವರು ಕರೆದರು. ಉತ್ತಯ್ಯ ಹೋಗಿ ತಾವೇ ನಿಂತು ನಡೆಸಿಕೊಟ್ಟು ಬಂದರು. ಆಮೇಲೆ ಹೊರದೇಶಗಳಿಂದ ವರ್ಷಕ್ಕೊಂದೆರಡು ಕರೆ ಬರತೊಡಗಿದವು. ಅಂಥ ಸಂಗೀತ ಕೇಳುವವರು ಜಗತ್ತಿನಲ್ಲಿ ಹೆಚ್ಚಿಲ್ಲ, ಆದರೆ ಇರುವವರ ನಡುವೆ ಉತ್ತಯ್ಯನವರ ಹೆಸರು ಓಡಾಡಿತು. ಫ್ರಾನ್ಸಿನ ಒಬ್ಬ ವಿದ್ವಾಂಸರು ಅವರ ಸಂಗೀತದ ನಡುನಡುವೆ ಬರುವ ಮೌನಗಳು ಭಾರತೀಯರ ಶೂನ್ಯದ ಕಲ್ಪನೆಯಿಂದ ಹುಟ್ಟಿದವು ಎಂದು ದೀರ್ಘವಾಗಿ ಬರೆದರು. ಉತ್ತಯ್ಯ ಅದನ್ನು ಎರಡು ಸಲ ಓದಿದರು. ಊದುವವರು ಉಸಿರು ತೆಗೆದುಕೊಳ್ಳಲಿ ಎಂದು ತಾವು ಅಲ್ಲಲ್ಲಿ ಜಾಗ ಬಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ.

ಊರಿನಲ್ಲಿ ಇದಾವುದೂ ಗೊತ್ತಿರಲಿಲ್ಲ. ಉತ್ತಯ್ಯ ಆಗಾಗ ವಿಮಾನ ಹತ್ತುವುದು ಕಣ್ಣಿನ ಚಿಕಿತ್ಸೆಗೆ ಎಂದು ಅರ್ಧ ಊರು ನಂಬಿತ್ತು.

ಆ ವರ್ಷ ಮಡಿಕೇರಿಯಲ್ಲಿ ಮಾಜಿ ಸೈನಿಕರ ಒಂದು ಸಂಘದ ವಾರ್ಷಿಕೋತ್ಸವ ಇತ್ತು. ಸಂಘದ ಕಾರ್ಯದರ್ಶಿ ಕಿರಣ್‌ಕುಮಾರ್ ದೇಶಭಕ್ತಿಗೀತೆ ಹಾಡುವವರೊಬ್ಬರನ್ನು ಗೊತ್ತುಮಾಡಿದ್ದರು. ಆ ಗಾಯಕರಿಗೆ ಗಂಟಲು ಕಟ್ಟಿತು. ಕಿರಣ್‌ಕುಮಾರ್ ಉತ್ತಯ್ಯನವರಿಗೆ ಫೋನ್ ಮಾಡಿದರು.

“ನಿಮ್ಮದೊಂದು ಬ್ಯಾಂಡ್ ಉಂಟಲ್ಲಾ ಸಾರ್?”

“ಬ್ಯಾಂಡ್ ಇಲ್ಲ. ನಾನು ಬರೆದದ್ದು ಒಂದು ಉಂಟು. ಅದಕ್ಕೆ ಜನ ಸೇರಿಸಬೇಕು.”

“ದೇಶಭಕ್ತಿ ಬರ್ತದಲ್ಲಾ ಅದರಲ್ಲಿ?”

“ಸೈನಿಕರ ಬಗ್ಗೆ.”

“ಹಾಗಾದ್ರೆ ಆಯ್ತು ಸಾರ್. ಊಟಕ್ಕೆ ಮೊದಲು ಇಡುವ.”

ಆ ಕೃತಿಯ ಹೆಸರು ‘ಇಳಿಜಾರು’. ಅರ್ಧ ಗಂಟೆಗೆ ಸ್ವಲ್ಪ ಕಡಿಮೆ. ಉತ್ತಯ್ಯ ಬರೆದವುಗಳಲ್ಲಿ ಅದೊಂದನ್ನು ಮಾತ್ರ ಎಲ್ಲಿಗೂ ಕಳಿಸಿರಲಿಲ್ಲ. ಇಲ್ಲೇ ಮೊದಲು ನುಡಿಸಬೇಕು, ಅಣ್ಣ ಮುಂದಿನ ಸಾಲಿನಲ್ಲಿ ಕೂತು ಕೇಳಬೇಕು ಎಂಬುದು ಅವರ ಆಸೆ. ಅದನ್ನು ತಂಗಮ್ಮನವರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ತಂಗಮ್ಮನವರಿಗೆ ಗೊತ್ತಿತ್ತು.

ಜನ ಸೇರಿಸುವುದಕ್ಕೆ ಉತ್ತಯ್ಯ ಜೀಪು ತೆಗೆದುಕೊಂಡು ಇಡೀ ಕೊಡಗು ಸುತ್ತಿದರು. ಕುಶಾಲನಗರದ ಹತ್ತಿರ ಶುಂಠಿ ಬೆಳೆಯುತ್ತಿದ್ದ ನಾಗರಾಜು ಸಿಕ್ಕರು. ಅವರು ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ಮಡಿಕೇರಿಯ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುವ ವೀಣಾ ತಮ್ಮ ಕರ್ನಾಟಕ ಸಂಗೀತದ ವಯಲಿನ್ ಹಿಡಿದು ಬಂದರು. ಪಾಲಿಬೆಟ್ಟದ ಎಸ್ಟೇಟ್ ಮ್ಯಾನೇಜರೊಬ್ಬರ ಹೆಂಡತಿ ರಮ್ಯ ಅವರ ಹತ್ತಿರ ಒಂದು ಚೆಲ್ಲೊ ಇತ್ತು. ಆಳೆತ್ತರದ ಆ ಪಿಟೀಲು ಬಂಗಲೆಯಲ್ಲಿ ಅಲಂಕಾರಕ್ಕೆ ನಿಂತಿತ್ತು. ಚರ್ಚುಗಳಿಂದ, ಹಳೆಯ ರೆಜಿಮೆಂಟುಗಳಿಂದ ಉಳಿದವರು ಬಂದರು. ಟ್ರಂಪೆಟ್ಟಿಗೆ ಜಯಪ್ಪ. ಸೈನ್ಯದಲ್ಲಿ ಬ್ಯೂಗಲ್ ಊದುತ್ತಿದ್ದ ಇವರು ಈಗ ಸೋಮವಾರಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಒಬ್ಬೊಬ್ಬರ ಮನೆಮಾತು ಒಂದೊಂದು. ಅರೆಭಾಷೆ, ಕೊಡವ, ಮಲಯಾಳ, ತುಳು, ತಮಿಳು ಎಲ್ಲ ಕೂಡಿದ್ದರಿಂದ ಅಭ್ಯಾಸ ಕನ್ನಡದಲ್ಲಿ ನಡೆಯಿತು, ಬೈಗುಳ ಹಿಂದಿಯಲ್ಲಿ.

ಅಭ್ಯಾಸಕ್ಕೆ ತಂಗಮ್ಮ ಕಾಫಿ ಗೋದಾಮು ಬಿಟ್ಟುಕೊಟ್ಟರು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದು ಚೀಲಗಳೆಲ್ಲ ಹೋಗಿದ್ದವು.

ಏಳರ ತಾಳ ವೀಣಾ ಅವರಿಗೆ ಕಷ್ಟವೇ ಆಗಲಿಲ್ಲ. “ಮಿಶ್ರಛಾಪು ಸಾರ್ ಇದು” ಎಂದು ತೊಡೆಯ ಮೇಲೆ ತಟ್ಟಿ ತೋರಿಸಿದರು. ನಾಗರಾಜುಗೆ ಏಳು ಬರಲು ಎರಡು ವಾರ ಹಿಡಿಯಿತು. “ನಮ್ ಎಸ್ಪಿ ಸಾಹೇಬ್ರು ಕಂಡಿದ್ರೆ ಸಸ್ಪೆಂಡ್ ಮಾಡೋರು” ಎನ್ನುತ್ತಲೇ ಕಲಿತರು. ತೊಂದರೆ ಬಂದದ್ದು ಜಯಪ್ಪನಿಂದ.

ಕೃತಿಯ ನಡುವೆ ಒಂದು ಕಡೆ ಉಳಿದವರೆಲ್ಲ ತಗ್ಗಿದಾಗ ಟ್ರಂಪೆಟ್ ಒಂಟಿಯಾಗಿ ಬರಬೇಕು. ಅದು ಶುರುವಾಗುವುದು ಲಾಸ್ಟ್ ಪೋಸ್ಟಿನ ಮೊದಲ ಮೂರು ಸ್ವರಗಳಿಂದ. ಸತ್ತ ಸೈನಿಕನಿಗೆ ಊದುವ ಕರೆ ಅದು. ಮೂರು ಸ್ವರ ಆದೊಡನೆ ಉತ್ತಯ್ಯ ಅದನ್ನು ಬೇರೆ ಕಡೆಗೆ ಒಯ್ದಿದ್ದರು. ಕೇಳಿದವರಿಗೆ ಏನೋ ನೆನಪಾಗಬೇಕು, ಏನೆಂದು ತಿಳಿಯಬಾರದು. ಜಯಪ್ಪ ಸೈನ್ಯದಲ್ಲಿದ್ದಷ್ಟೂ ಕಾಲ ಸ್ಮಾರಕಗಳ ಮುಂದೆ, ಚಿತೆಗಳ ಮುಂದೆ ಅದನ್ನೇ ಊದಿದವರು. ಪ್ರತಿ ಸಲವೂ ಮೂರು ಸ್ವರ ಆದ ಮೇಲೆ ಅವರ ಟ್ರಂಪೆಟ್ ಇಡೀ ಲಾಸ್ಟ್ ಪೋಸ್ಟ್ ಊದತೊಡಗುತ್ತಿತ್ತು.

“ಜಯಪ್ಪ!”

“ಗೊತ್ತಾಯ್ತು ಸಾರ್. ನೀವು ಅಲ್ಲಿ ಎಡಕ್ಕೆ ತಿರುಗ್ತೀರಿ. ನನ್ನ ತುಟಿ ನೇರ ಹೋಗ್ತದೆ.”

“ತಿರುಗಿಸಿ.”

“ತಿರುಗಿಸ್ತೇನೆ ಸಾರ್. ಅದು ಕೇಳೂದಿಲ್ಲ.”

ಆ ಮೂರು ಸ್ವರಗಳನ್ನೇ ತೆಗೆದುಬಿಡಬಾರದೇ ಎಂದು ನಾಗರಾಜು ಮೆಲ್ಲಗೆ ಕೇಳಿದರು. ಉತ್ತಯ್ಯ ಆಗುವುದಿಲ್ಲ ಎಂದರು, ಕಾರಣ ಹೇಳಲಿಲ್ಲ. ಕೊನೆಯ ಅಭ್ಯಾಸದ ದಿನ ಜಯಪ್ಪ ಸರಿಯಾಗಿ ತಿರುಗಿದರು. ಇನ್ನೊಮ್ಮೆ ಮಾಡಿಸಿದರೂ ತಿರುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಮ್ಮ ಪಾಯಸ ಮಾಡಿದ್ದರು.

ಅಷ್ಟರಲ್ಲಿ ಸಂಘದವರು ಬಸ್ ಸ್ಟ್ಯಾಂಡಿನಲ್ಲಿ ಉತ್ತಯ್ಯನವರ ಫೋಟೊ ಇರುವ ಪೋಸ್ಟರ್ ಹಚ್ಚಿಸಿದ್ದರು: ‘ಭವ್ಯ ವಾದ್ಯಗೋಷ್ಠಿ. ಕಂಡಕ್ಟರ್: ಉತ್ತಯ್ಯ.’ ವಾದ್ಯವೃಂದ ನಡೆಸುವವರಿಗೂ ಇಂಗ್ಲಿಷಿನಲ್ಲಿ ಕಂಡಕ್ಟರ್ ಎಂದೇ ಹೆಸರು. ಮರುದಿನ ಮಡಿಕೇರಿಯಿಂದ ವಾಪಸ್ ಬರುವಾಗ ಬಸ್ಸಿನ ಕಂಡಕ್ಟರ್ ಅವರ ಮುಖವನ್ನು ದಿಟ್ಟಿಸಿ ನೋಡಿ, “ಸಾರ್, ಪೋಸ್ಟರಿನಲ್ಲಿ ಇರೂದು ನೀವೇ ಅಲ್ವಾ? ಯಾವ ಡಿಪೋದಲ್ಲಿದ್ರಿ?” ಎಂದು ಕೇಳಿದ. ಉತ್ತಯ್ಯ ತಾವು ಡಿಪೋದವರಲ್ಲ ಎಂದು ಚೆಟ್ಟಿಮಾನಿ ಬರುವವರೆಗೆ ವಿವರಿಸಿದರು. ಆತ ಎಲ್ಲವನ್ನೂ ಕೇಳಿ, “ಹಾಗಾದ್ರೆ ಟಿಕೆಟ್ ತಗೊಳ್ಳಿ” ಎಂದ.

ವಾರ್ಷಿಕೋತ್ಸವದ ದಿನ ಹಾಲ್ ತುಂಬಿತ್ತು. ಮೆಡಲ್ ಧರಿಸಿದ ಗಂಡಸರು, ರೇಷ್ಮೆ ಸೀರೆಯ ಹೆಂಗಸರು, ಮೊಮ್ಮಕ್ಕಳು. ಪ್ರಾರ್ಥನೆಯಾಯಿತು, ವರದಿಯಾಯಿತು, ಪದಾಧಿಕಾರಿಗಳ ಆಯ್ಕೆಯಾಯಿತು. ಖಜಾಂಚಿ ಸ್ಥಾನಕ್ಕೆ ಇಬ್ಬರು ಹಟ ಹಿಡಿದಿದ್ದರಿಂದ ಅದು ಬಹಳ ಹೊತ್ತು ನಡೆಯಿತು. ಹಿಂದಿನ ಬಾಗಿಲಿನಿಂದ ಹಂದಿಮಾಂಸದ ಸಾರಿನ ವಾಸನೆ ಬರತೊಡಗಿತು. ಕಿರಣ್‌ಕುಮಾರ್ ವಂದನಾರ್ಪಣೆಯನ್ನು ಸಂಗೀತಕ್ಕೆ ಮೊದಲೇ ಮುಗಿಸಿಬಿಟ್ಟರು. ಅದರ ಅರ್ಥ ಹಾಲಿನಲ್ಲಿ ಎಲ್ಲರಿಗೂ ಆಯಿತು, ಉತ್ತಯ್ಯನವರಿಗೂ ಆಯಿತು.

ಅಣ್ಣ ಬೆಳ್ಯಪ್ಪ ಮುಂದಿನ ಸಾಲಿನ ನಡುವೆ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಊರುಗೋಲು. ಉತ್ತಯ್ಯ ಅವರ ಕಡೆ ತಲೆಬಾಗಿಸಿ, ಸಭೆಗೆ ಬೆನ್ನು ಹಾಕಿ ನಿಂತು ಕೋಲು ಎತ್ತಿದರು.

ಶುರುವಿಗೆ ಬರೀ ಡ್ರಮ್ಮು, ಏಳರ ನಡೆ. ಚೆಲ್ಲೊ ಅದರ ಕೆಳಗೆ ಬಂತು. ಹಿಂದೆ ಯಾರೋ ಕೆಮ್ಮಿದರು. ಒಂದು ಮಗು ‘ಅಜ್ಜೀ, ಮುಗೀತಾ?’ ಎಂದಿತು. ಉತ್ತಯ್ಯನವರಿಗೆ ಇದೆಲ್ಲ ನಿರೀಕ್ಷಿತವೇ. ವಾದ್ಯದವರು ಚೆನ್ನಾಗಿ ನುಡಿಸುತ್ತಿದ್ದರು, ಅಷ್ಟು ಸಾಕಿತ್ತು. ಒಬ್ಬೊಬ್ಬರೇ ತಗ್ಗಿದರು. ಅವರು ಜಯಪ್ಪನ ಕಡೆ ಎಡಗೈ ಚಾಚಿದರು.

ಮೂರು ಸ್ವರ. ಜಯಪ್ಪ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ನೇರ ಹೋಯಿತು.

ಇಡೀ ಲಾಸ್ಟ್ ಪೋಸ್ಟ್ ಗೋದಾಮಿನಲ್ಲಿ ಎಂದೂ ಬಾರದಷ್ಟು ಶುದ್ಧವಾಗಿ, ನಿಧಾನವಾಗಿ ಬಂತು. ನಿಲ್ಲಿಸುವ ಹಾಗಿರಲಿಲ್ಲ. ಉತ್ತಯ್ಯ ಕೋಲು ಗಾಳಿಯಲ್ಲೇ ಹಿಡಿದು ಕಾದರು. ಆಗ ಬೆನ್ನ ಹಿಂದೆ ಒಂದು ಕುರ್ಚಿ ಸರಿದ ಸದ್ದಾಯಿತು. ಇನ್ನೊಂದು ಸರಿಯಿತು. ಆಮೇಲೆ ಸಾಲುಸಾಲಾಗಿ, ಇಡೀ ಹಾಲಿನ ಕುರ್ಚಿಗಳು ಒಟ್ಟಿಗೇ ಸರಿದವು.

ಊಟಕ್ಕೆ ಎದ್ದರು ಎಂದುಕೊಂಡರು ಉತ್ತಯ್ಯ.

ಜಗತ್ತಿನ ಯಾವ ಊರಿನಲ್ಲೂ ಜನ ಹೀಗೆ ಎದ್ದು ಹೋಗಿರಲಿಲ್ಲ. ಕೋಲು ಕೆಳಗಿಟ್ಟು ತಾವೂ ಊಟಕ್ಕೆ ಹೋಗಿಬಿಡಬಹುದಿತ್ತು. ಆದರೆ ಮುಂದೆ ಹದಿನಾರು ಹದಿನೇಳು ಜನ ಅವರ ಕೈ ನೋಡುತ್ತಾ ಕೂತಿದ್ದರು. ವೀಣಾ ಮಾತ್ರ ಕೈ ನೋಡುತ್ತಿರಲಿಲ್ಲ. ಅವರ ಕಣ್ಣು ಉತ್ತಯ್ಯನವರ ಹೆಗಲಿನಾಚೆ ಏನನ್ನೋ ನೋಡಿ ಅಗಲವಾಗಿತ್ತು. ನಾಗರಾಜು ಕ್ಲಾರಿನೆಟ್ ಹಿಡಿದುಕೊಂಡೇ ಕುರ್ಚಿಯಿಂದ ಎದ್ದರು. ಇವನೂ ಹೊರಟ ಎಂದು ಉತ್ತಯ್ಯನವರಿಗೆ ಅನ್ನಿಸಿತು. ನಾಗರಾಜು ಹೊರಡಲಿಲ್ಲ, ಎದ್ದು ನಿಂತೇ ತಮ್ಮ ಸಾಲನ್ನು ಊದಿದರು.

ಉತ್ತಯ್ಯ ಮುಂದುವರಿಸಿದರು. ಹೊತ್ತುಕೊಂಡ ಮೇಲೆ ನಡುದಾರಿಯಲ್ಲಿ ಇಳಿಸುವ ಹಾಗಿಲ್ಲವೆಂಬುದು ಅವರಿಗೆ ಅಭ್ಯಾಸವಾಗಿದ್ದ ವಿಷಯ. ಕೊನೆಗೆ ಸ್ವಲ್ಪ ಮೊದಲು ಕೃತಿಯಲ್ಲಿ ಒಂದು ದೀರ್ಘ ಮೌನವಿತ್ತು. ಅಲ್ಲಿ ಹಾಲಿನಲ್ಲಿ ಕೆಮ್ಮೂ ಇಲ್ಲ, ಮಗುವಿನ ಮಾತೂ ಇಲ್ಲ, ಫ್ಯಾನಿನ ಸದ್ದು ಮಾತ್ರ. ಒಬ್ಬರೂ ಉಳಿದಿಲ್ಲ ಎಂಬುದು ಖಚಿತವಾಯಿತು. ಖಚಿತವಾದ ಮೇಲೆ ಅವರಿಗೆ ಒಂಥರಾ ಹಗುರವಾಯಿತು. ಖಾಲಿ ಹಾಲಿನಲ್ಲಿ ಯಾರ ಮುಲಾಜು? ಬರೆದದ್ದಕ್ಕಿಂತ ಹೆಚ್ಚು ಹೊತ್ತು ಆ ಮೌನವನ್ನು ಹಿಡಿದರು. ಕಲ್ಲಿನ ಮೇಲೆ ಬೂಟುಗಳು ಇಳಿದು ಹೋಗಿ, ಸದ್ದು ಪೂರ್ತಿ ಕರಗುವವರೆಗೂ ಹಿಡಿದರು. ಆಮೇಲೆ ಕೊನೆಯ ಸಾಲು ನುಡಿಸಿ, ಕೋಲು ಇಳಿಸಿ, ಖಾಲಿ ಕುರ್ಚಿಗಳಿಗೆ ನಮಸ್ಕರಿಸಲು ತಿರುಗಿದರು.

ಹಾಲ್ ತುಂಬಿತ್ತು. ಗಂಡಸರೆಲ್ಲ ಎದೆ ಸೆಟೆದು, ಮುಷ್ಟಿ ತೊಡೆಗೆ ಒತ್ತಿ, ಸಾವಧಾನದಲ್ಲಿ ನಿಂತಿದ್ದರು. ಅವರನ್ನು ನೋಡಿ ಹೆಂಗಸರು ಪರ್ಸ್ ಹಿಡಿದು ನಿಂತಿದ್ದರು, ಮಕ್ಕಳು ನಿಂತಿದ್ದರು, ಬಾಗಿಲಲ್ಲಿ ಅಡುಗೆಯವನು ಸೌಟು ಹಿಡಿದು ನಿಂತಿದ್ದ. ಲಾಸ್ಟ್ ಪೋಸ್ಟ್ ಕೇಳಿದೊಡನೆ ಎದ್ದವರು ಕೂರಿ ಎಂಬ ಅಪ್ಪಣೆ ಬಾರದ್ದರಿಂದ ಕೊನೆಯವರೆಗೆ ಹಾಗೇ ಇದ್ದರು. ಸಾವಧಾನದಲ್ಲಿ ನಿಂತವರು ಚಪ್ಪಾಳೆ ತಟ್ಟುವಂತಿಲ್ಲ. ಯಾರೂ ತಟ್ಟಲಿಲ್ಲ.

ಅಣ್ಣ ಬೆಳ್ಯಪ್ಪನವರ ಊರುಗೋಲು ನೆಲದ ಮೇಲೆ ಬಿದ್ದಿತ್ತು. ಅದಿಲ್ಲದೆ ನಿಂತಿದ್ದರು. ದೃಷ್ಟಿ ಎದುರಿನ ಗೋಡೆಯಲ್ಲಿತ್ತು. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಕೈ ಎತ್ತಿ ಒರೆಸಿಕೊಳ್ಳುವ ಹಾಗಿರಲಿಲ್ಲ.

ಯಾರಾದರೂ ಏನಾದರೂ ಹೇಳಬೇಕಿತ್ತು. ಸುಬೇದಾರನಾದವನು ಕರ್ನಲನಿಗೆ ಅಪ್ಪಣೆ ಕೊಡುವ ಪದ್ಧತಿ ಇಲ್ಲ. ಉತ್ತಯ್ಯ ಹಿಮ್ಮಡಿ ಜೋಡಿಸಿ ನಿಂತರು.

“ವಿಶ್ರಾಮ್” ಎಂದರು.

ಇಡೀ ಹಾಲಿನ ಎಡಗಾಲುಗಳು ಒಂದೇ ಸಲ ಬದಿಗೆ ಸರಿದವು. ಬೆಳ್ಯಪ್ಪ ಕರವಸ್ತ್ರ ತೆಗೆದರು. ಆಮೇಲೆ ಎಲ್ಲರೂ ಊಟಕ್ಕೆ ಹೋದರು. ಸಾರು ತಣ್ಣಗಾಗಿತ್ತು, ಯಾರೂ ಆ ಬಗ್ಗೆ ಮಾತಾಡಲಿಲ್ಲ.

ಕೈ ತೊಳೆಯುವ ಜಾಗದಲ್ಲಿ ಜಯಪ್ಪ ಬಂದು ತಲೆ ತಗ್ಗಿಸಿ ನಿಂತರು. “ತಪ್ಪಾಯ್ತು ಸಾರ್. ಅಷ್ಟು ಮೆಡಲ್ ಒಟ್ಟಿಗೆ ನೋಡಿ ಕಣ್ಣು ಮುಚ್ಚಿದೆ. ಮುಚ್ಚಿದ್ದೇ ತಪ್ಪು.”

“ಇನ್ನು ನೇರವೇ ಹೋಗಿ” ಎಂದರು ಉತ್ತಯ್ಯ. ಮರುದಿನ ರಬ್ಬರ್ ತೆಗೆದುಕೊಂಡು ಕೃತಿಯಲ್ಲಿದ್ದ ತಿರುವನ್ನು ಅಳಿಸಿದರು. ಅಲ್ಲಿ ಎಲ್ಲವೂ ಗೊತ್ತಾಗುವುದೇ ಸರಿ ಎಂದು ಅವರಿಗೆ ಈಗ ಅನ್ನಿಸಿತ್ತು.

ಯಾರೋ ಫೋನಿನಲ್ಲಿ ತೆಗೆದ ವಿಡಿಯೊ ಜರ್ಮನಿಯವರೆಗೂ ಹೋಯಿತು. ಅಲ್ಲಿನ ವಾದ್ಯವೃಂದದವರು ‘ಇಳಿಜಾರು’ ನುಡಿಸಲು ಅನುಮತಿ ಕೇಳಿದರು. ಸಭಿಕರು ಏಳುವುದು ಕೃತಿಯ ಭಾಗವೇ, ಎಷ್ಟನೆಯ ನಿಮಿಷಕ್ಕೆ ಏಳಿಸಬೇಕು ಎಂದೂ ಕೇಳಿದ್ದರು. ಏಳುವವರು ತಾವೇ ಏಳುತ್ತಾರೆ, ಉಳಿದವರು ಕೂತಿರಲಿ ಎಂದು ಉತ್ತಯ್ಯ ಬರೆದರು.

ವಾರ್ಷಿಕೋತ್ಸವವಾದ ಮುಂದಿನ ಭಾನುವಾರ ಬೆಳಿಗ್ಗೆ ಅಣ್ಣ ಬಂದರು. ತಂಗಮ್ಮ ಕಡುಬು, ಕೋಳಿಸಾರು ಬಡಿಸಿದರು. ಬೆಳ್ಯಪ್ಪ ಪೂರ್ತಿ ತಿಂದು ಕೈ ತೊಳೆದು ಬಂದು, ಮೇಜಿನ ಮೇಲಿದ್ದ ಹಾಳೆಗಳನ್ನು ನೋಡುತ್ತಾ ಕೂತರು.

“ಕಾರ್ಗಿಲ್‌ನಲ್ಲಿ ಎಷ್ಟು ದೂರ ಹೊತ್ತೆ?”

“ಕೆಲವು ಸಲ ಒಂದು ಗುಡ್ಡ. ಕೆಲವು ಸಲ ಬೆಳಗಾಗುವವರೆಗೆ.”

“ಮಾತಾಡ್ತಿದ್ದರಾ ಅವರು?”

“ಕೆಲವರು. ಒಬ್ಬ ಹುಡುಗ ಕೆಳಗೆ ಮುಟ್ಟುವವರೆಗೂ ಹಾಡಿದ. ಕೆಟ್ಟ ಸ್ವರ. ಬ್ಯಾಂಡಿಗೆ ಸೇರಿಸ್ತಾ ಇರಲಿಲ್ಲ ನಾನು.”

“ಬದುಕಿದನಾ?”

“ಇಲ್ಲೆ.”

ಬೆಳ್ಯಪ್ಪ ಮೇಜಿನ ಮೇಲಿನ ಹಾಳೆಗಳ ಅಂಚು ಜೋಡಿಸಿಟ್ಟರು. ಆಮೇಲೆ, “ನಂಗೂ ಒಂದು ಬರಿ” ಎಂದರು. “ನಾನು ಹೋದಾಗ ನುಡಿಸಿಕೆ ಬೇಕು. ಆದರೆ ನಾನು ಮೊದಲು ಕೇಳಬೇಕು. ಹೋದ ಮೇಲೆ ಸರಿ ಇಲ್ಲೆ ಅಂತ ಹೇಳಿಕೆ ಆಗುದಿಲ್ಲ.”

ಉತ್ತಯ್ಯ ಒಪ್ಪಿದರು. ಮುಂದಿನ ಭಾನುವಾರ ಮೊದಲ ಭಾಗವನ್ನು ಕೀಬೋರ್ಡಿನಲ್ಲಿ ನುಡಿಸಿ ಕೇಳಿಸಿದರು. ಅಣ್ಣ ಅಡ್ಡಕ್ಕೆ ಗೋಣು ಆಡಿಸಿದರು. “ಭಾರಿ ಬೇಜಾರು ಉಟ್ಟು. ನಾನು ಅಷ್ಟು ಬೇಜಾರಿನ ಮನುಷ್ಯ ಅಲ್ಲ.” ಉತ್ತಯ್ಯ ತಿದ್ದಿದರು. ಆಮೇಲಿನ ವಾರ ಅಣ್ಣ ಅದು ಮದುವೆಯ ದಿಬ್ಬಣದ ಹಾಗಿದೆ ಎಂದರು. ಉತ್ತಯ್ಯ ಮತ್ತೆ ತಿದ್ದಿದರು. ಕ್ಲಾರಿನೆಟ್ ಹೆಚ್ಚಾಯಿತು, ಪೊಲೀಸರು ಬಂದ ಹಾಗಿದೆ ಎಂದರು. ಎರಡು ಮಳೆಗಾಲ ಕಳೆದವು. ಬೆಳ್ಯಪ್ಪ ಒಂದು ಭಾನುವಾರವೂ ತಪ್ಪಿಸಲಿಲ್ಲ. ಮೊದಲು ಒಂದೂ ಸ್ವರ ಗೊತ್ತಿಲ್ಲದಿದ್ದ ಅವರು ಈಗ ಚೆಲ್ಲೊ ಎಲ್ಲಿ ಬರಬೇಕೆಂದು ಊರುಗೋಲಿನಿಂದ ತೋರಿಸುತ್ತಿದ್ದರು. ಜಗತ್ತಿನ ಯಾವ ವಿಮರ್ಶಕರೂ ಉತ್ತಯ್ಯನವರಿಗೆ ಇಷ್ಟು ಕಾಟ ಕೊಟ್ಟಿರಲಿಲ್ಲ.

ಕಳೆದ ಭಾನುವಾರ ಇದ್ದಷ್ಟನ್ನೂ ಕೇಳಿ ಬೆಳ್ಯಪ್ಪ, “ಇದು ಆದೀತು” ಎಂದರು. “ಕೊನೆ ಎಲ್ಲಿ?”

“ಕೊನೆ ಬರೆದಿಲ್ಲೆ.”

“ಯಾವಾಗ ಬರೀತೀಯ?”

“ಅವಸರ ಬೊತ್ತು ಅಣ್ಣ” ಎಂದು ಉತ್ತಯ್ಯ ಬೇಡವೆನ್ನುವಂತೆ ಕೈಯಾಡಿಸಿದರು.

“ನಂಗೆ ಎಂತ ಅವಸರ?” ಎಂದು ಬೆಳ್ಯಪ್ಪ ಒಳಗೆ ತಿರುಗಿ, ತಂಗಮ್ಮನವರಿಗೆ ಕೇಳುವ ಹಾಗೆ ಕೂಗಿ ಇನ್ನೂ ಎರಡು ಕಡುಬು ತರಲು ಹೇಳಿದರು.